ಆಗದ ಫೌಜದಾರ

ನಾನು ಫೌಜದಾರನಾಗಿ, ಅಂದರೆ ಪೊಲೀಸ್ ಸಬ್ ಇನ್ಸ್‌ಪೆಕ್ಟರನಾಗಿ, ಆಯ್ಕೆಯಾಗಿರಲಿಲ್ಲ. ಆಗಿದ್ದೇನೆಂದು ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ನನ್ನ ಪರಿಚಯದವರೆಲ್ಲ ವರ್ಷಗಟ್ಟಲೆ ನಂಬಿದ್ದರು. ಹಾಗೆ ನಂಬಿಸಿದವನು ನಾನೇ. ನಂಬಿದವರಲ್ಲಿ ಬೆಳುಂಕಿಯ ಮಾಯವ್ವ ಎಂಬ ಹುಡುಗಿಯೂ ಇದ್ದಳು. ಉಳಿದವರಿಗೆ ನಾನು ಸುಳ್ಳು ಹೇಳಿದೆ, ಅಷ್ಟೆ. ಅವಳಿಗೆ ಮಾಡಿದ್ದು ಬೇರೆ — ಅದನ್ನು ಏನೆಂದು ಕರೆಯಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ.

ನನ್ನ ಊರು ಬಿಳೂರ. ಕನ್ನಡ ಸಾಲೆಯಲ್ಲಿ ಕಲಿತು, ಜತ್ತದ ಕಾಲೇಜಿನಲ್ಲಿ ಮರಾಠಿಯಲ್ಲಿ ಬಿ.ಎ. ಮುಗಿಸಿದೆ. ಪದವಿ ಕೈಗೆ ಬಂದ ಮೇಲೆ ಅದರಿಂದ ಏನೂ ಆಗುವುದಿಲ್ಲ ಎಂಬುದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಬಸ್ ನಿಲ್ದಾಣದ ಹಿಂದೆ ಬಾಡಿಗೆಗೆ ಒಂದು ಖೋಲಿ ಹಿಡಿದು ಫೌಜದಾರ ಪರೀಕ್ಷೆಗೆ ಓದತೊಡಗಿದೆ. ಅವ್ವ ಬಿಳೂರಿನಿಂದ ಮುಂಜಾನೆಯ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಿದ್ದಳು. ಕಂಡಕ್ಟರ್ ನನ್ನನ್ನು ನೋಡಿದೊಡನೆ ಡಬ್ಬಿ ಎತ್ತಿ ಕೊಡುತ್ತಿದ್ದ. ಪುಸ್ತಕದ ಮರಾಠಿಯೇ ಬೇರೆ, ಪೇಟೆಯಲ್ಲಿ ಆಡುವ ಮರಾಠಿಯೇ ಬೇರೆ. ಪುಸ್ತಕದ್ದನ್ನು ಬಾಯಿಪಾಠ ಮಾಡಿ ಮಾಡಿ ನನ್ನದಾಗಿಸಿಕೊಂಡೆ. ಮೈದಾನದಲ್ಲಿ ಓಡಿದೆ, ಕಬ್ಬಿಣದ ಗುಂಡು ಎಸೆದೆ. ಗೆಳೆಯರ ಮದುವೆಗೆ ಹೋಗಲಿಲ್ಲ. ದುಡಿದರೆ ಆಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ಮತ್ತು ನಾನು — ಇದನ್ನು ಹೆಮ್ಮೆಯಿಂದಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ — ನಿಜವಾಗಿಯೂ ದುಡಿದೆ.

ಪೂರ್ವ ಪರೀಕ್ಷೆ ಆಯಿತು, ಮುಖ್ಯ ಪರೀಕ್ಷೆ ಆಯಿತು, ಮೈದಾನದ ಪರೀಕ್ಷೆಯೂ ಆಯಿತು. ಸಂದರ್ಶನ ಕೊಟ್ಟು ಬಂದಾಗ ನಾನು ಓದುತ್ತಿದ್ದ ಅಕಾಡೆಮಿಯ ಸರ್ ಆಯ್ಕೆಯಾದವರ ಅಂತಿಮ ಯಾದಿ ಬರುವ ಮೊದಲೇ ಬಸ್ ನಿಲ್ದಾಣದ ಎದುರು ದೊಡ್ಡ ಬ್ಯಾನರ್ ಹಾಕಿಸಿಬಿಟ್ಟರು. ಅದರಲ್ಲಿ ನನ್ನ ಫೋಟೊ. ಯಾವುದೋ ಕಂಪ್ಯೂಟರ್ ನನ್ನ ತಲೆಯ ಕೆಳಗೆ ಖಾಕಿ ಅಂಗಿ ತೊಡಿಸಿತ್ತು. ಬಿಳೂರಿನಲ್ಲಿ ನನಗೆ ರುಮಾಲು ಸುತ್ತಿ ಸತ್ಕಾರ ಮಾಡಿದರು. ಅಪ್ಪ ಅಂದು ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ, ಆದರೆ ಸಭೆ ಮುಗಿದ ಮೇಲೂ ಬಹಳ ಹೊತ್ತು ಅಲ್ಲೇ ಕುಳಿತಿದ್ದ.

ಆಮೇಲೆ ಯಾದಿ ಬಂತು. ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ನನ್ನ ಹೆಸರು ಇರಲಿಲ್ಲ.

ಸರ್ ಹತ್ತಿರ ಹೋಗಿ ನಿಂತೆ. ಅವರು ಫೋನಿನಲ್ಲಿ ಮೊದಲೇ ನೋಡಿಕೊಂಡಿದ್ದರು.

"ಬ್ಯಾನರ್ ಇಳಿಸೋಣೇನ್ರಿ ಸರ?" ಎಂದೆ.

"ಇಳಿಸಿದ್ರ ನಿನ್ನ ಮಾನ ಹೋಗತೈತಿ, ನಂದೂ ಹೋಗತೈತಿ. ನಿಮ್ಮಪ್ಪ ಊರಾಗ ಹ್ಯಾಂಗ ತಿರಗಬೇಕು?" ಎಂದರು. ಆಮೇಲೆ ಮೆತ್ತಗೆ ಹೇಳಿದರು: "ಕೋರ್ಟಿನ್ಯಾಗ ಕೇಸ್ ಐತಿ, ಆರ್ಡರ್ ತಡ ಆಗೇತಿ ಅನ್ನು. ಅಲ್ಲೀತನಕ ಇಲ್ಲೇ ಪಾಠ ಹೇಳು."

ಅಂದು ನನಗೆ ಎಂಥ ಸಿಟ್ಟು ಬಂದಿತ್ತೆಂದರೆ — ಸರ್ ಮೇಲಲ್ಲ. ದುಡಿದರೆ ಆಗುತ್ತದೆ ಎಂದ ಪ್ರತಿಯೊಂದು ಬಾಯಿಯ ಮೇಲೆ. ನನಗೆ ಮೋಸವಾಗಿದೆ, ಇನ್ನು ನಾನು ಯಾರಿಗೂ ಖರೆ ಹೇಳುವ ಋಣದಲ್ಲಿಲ್ಲ ಅನ್ನಿಸಿತು. ಹೂಂ ಅಂದೆ.

ನೇಮಕಾತಿಗೆ ಕೋರ್ಟು ಅಡ್ಡ ಬರುವುದು ನಮ್ಮ ಕಡೆ ಹೊಸದಲ್ಲ, ಹೀಗಾಗಿ ಯಾರೂ ಅನುಮಾನಪಡಲಿಲ್ಲ. ತಿಂಗಳುಗಳು ಹೋದವು. ಒಂದು ದಿನ ಯಾರೋ ಮತ್ತೆ ಕೇಳಿದಾಗ, ಬೇಸತ್ತು, "ಆ ನೌಕರಿ ಬ್ಯಾಡ ಅನಿಸೈತ್ರಿ, ಹುಡುಗರಿಗೆ ಕಲಿಸೂದ ಚಲೋ ಅನಿಸೈತಿ" ಎಂದುಬಿಟ್ಟೆ. ಸುಳ್ಳಿಗೆ ತೆರೆ ಎಳೆದೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಬಡವರ ಮಕ್ಕಳಿಗಾಗಿ ಫೌಜದಾರಕಿ ಬಿಟ್ಟವನು ಎಂದು ಜನ ನನ್ನನ್ನು ಇನ್ನೂ ಮೇಲೆ ಕೂರಿಸಿದರು. ಹಿರಿಯರು ಪೇಟೆಯಲ್ಲಿ ನಿಂತು ನಮಸ್ಕಾರ ಮಾಡತೊಡಗಿದರು. ನಾನು ಅದನ್ನೂ ತೆಗೆದುಕೊಂಡೆ.

ಮಾಯವ್ವ ಬಂದದ್ದು ಆಗ. ಕುರಿ ಕಾಯುವ ಮನೆಯ ಹುಡುಗಿ, ಅವರ ಮನೆತನದಲ್ಲಿ ಪದವಿ ಮುಗಿಸಿದ ಮೊದಲನೆಯವಳು. ಬಿ.ಕಾಂ. ಆಗಿತ್ತು. ಮಿರಜದ ಒಂದು ದವಾಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು — ಕರ್ನಾಟಕದ ಕಡೆಯಿಂದ ಬರುವ ರೋಗಿಗಳೊಡನೆ ಕನ್ನಡದಲ್ಲಿ, ಡಾಕ್ಟರರೊಡನೆ ಮರಾಠಿಯಲ್ಲಿ ಮಾತಾಡಬಲ್ಲ ಹುಡುಗಿ ಅವರಿಗೆ ಬೇಕಾಗಿತ್ತು. ಮುಂದಿನ ವಾರವೇ ಸೇರಬೇಕಿತ್ತು. ಸೇರುವ ಮೊದಲು ನನ್ನನ್ನು ಕೇಳಲು ಬಂದಳು. ಬ್ಯಾನರಿನಲ್ಲಿ ನನ್ನನ್ನು ನೋಡಿದ್ದಳಂತೆ.

"ಸರ, ಖರೇ ಹೇಳ್ರಿ," ಎಂದಳು. "ನನ್ನಂಥಾಕಿ ದುಡಿದ್ರ ಆಗತೈತೇನ್ರಿ? ಇಲ್ಲಾಂದ್ರ ಸುಮ್ಮನ ಮಿರಜಕ್ಕ ಹೋಗತೀನಿ."

ಅವಳ ದನಿಯಲ್ಲಿ ಆಸೆಗಿಂತ ಹೆಚ್ಚಾಗಿ ಲೆಕ್ಕಾಚಾರವಿತ್ತು. ಇಲ್ಲ ಎಂದಿದ್ದರೆ ಎದ್ದು ಹೋಗುತ್ತಿದ್ದಳು. ಗೊತ್ತಿಲ್ಲ ಎಂದಿದ್ದರೂ ಹೋಗುತ್ತಿದ್ದಳು. ನಾನು ಹೇಳಿದ್ದು ಇಷ್ಟೇ —

"ನನ್ನ ನೋಡು."

ಅವಳು ನನ್ನನ್ನು ನೋಡಿದಳು. ಮಿರಜಕ್ಕೆ ಬರುವುದಿಲ್ಲವೆಂದು ಅಲ್ಲಿಂದಲೇ ಫೋನ್ ಮಾಡಿದಳು.

ಅವಳು ದುಡಿದ ಹಾಗೆ ನಾನು ದುಡಿದಿರಲಿಲ್ಲ. ನಾನು ಎಷ್ಟಕ್ಕೆ ಏಳುತ್ತಿದ್ದೆ, ಯಾವ ಪುಸ್ತಕವನ್ನು ಎಷ್ಟು ಸಲ ಓದಿದ್ದೆ ಎಂದು ಕೇಳಿ ಕೇಳಿ, ಎಲ್ಲದರಲ್ಲೂ ನನಗಿಂತ ಹೆಚ್ಚು ಮಾಡುತ್ತಿದ್ದಳು. ಮೈದಾನದ ಓಟದಲ್ಲಿ ಹುಡುಗರೂ ಅವಳಿಗಿಂತ ಹಿಂದೆ ಉಳಿಯುತ್ತಿದ್ದರು. ಅಣ್ಣನ ಮದುವೆಗೆ ಅಕ್ಷತೆಯ ಹೊತ್ತಿಗೆ ಹೋಗಿ, ಊಟ ಮಾಡದೆ, ಸಿಕ್ಕ ಜೀಪು ಹತ್ತಿ ಕ್ಲಾಸಿಗೆ ಬಂದಳು. ಹಣೆಗೆ ಅಂಟಿದ್ದ ಅಕ್ಕಿಕಾಳು ಹಾಗೇ ಇತ್ತು. ನಾನು ಅವಳನ್ನು ತೋರಿಸಿ ಉಳಿದವರಿಗೆ, "ನಿಷ್ಠೆ ಅಂದ್ರ ಇದು" ಎಂದೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಮೊದಲ ಸಲ ಪೂರ್ವ ಪರೀಕ್ಷೆಯಲ್ಲೇ ನಪಾಸಾದಳು. ಎರಡನೆಯ ಸಲ ನನ್ನ ಹಾಗೆಯೇ ಕೊನೆಯವರೆಗೆ ಹೋಗಿ, ಕೊನೆಯಲ್ಲಿ ಆಗಲಿಲ್ಲ. ಅಂದು ಕ್ಲಾಸು ಬಿಟ್ಟ ಮೇಲೆ ನನ್ನ ಮುಂದೆ ಬಂದು ನಿಂತಳು. ಅಳುತ್ತಿರಲಿಲ್ಲ.

"ಎಲ್ಲಿ ಕಡಿಮಿ ಬಿದ್ದೆ ಸರ? ನೀವು ಇದರಾಗಿಂದ ದಾಟಿ ಹೋದವರು. ನಿಮಗ ಗೊತ್ತಿರತೈತಿ."

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರುವಂತಿರಲಿಲ್ಲ. ನಾನೂ ಅಲ್ಲೇ ಬಿದ್ದವನು, ಎಲ್ಲಿ ಕಡಿಮೆಯಾಯಿತೋ ನನಗೂ ಗೊತ್ತಿಲ್ಲ, ಜಾಗ ಕಡಿಮೆ, ಓಡುವವರು ಹೆಚ್ಚು, ನಿನ್ನದೇನೂ ತಪ್ಪಿಲ್ಲ — ಇಷ್ಟು ಸಾಕಾಗಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ಹೊರಗೆ ಹೊಸ ತಂಡದ ಹುಡುಗರು ನಿಂತಿದ್ದರು, ಮತ್ತು ನಾನು...

"ಇನ್ನಷ್ಟು ದುಡೀಬೇಕು, ಮಾಯವ್ವಾ," ಎಂದೆ.

ತಲೆಯಾಡಿಸಿದಳು. ಅವಳು ಆ ಮಾತನ್ನು ಒಪ್ಪಿಕೊಂಡುಬಿಟ್ಟಳು — ಅದು ನನ್ನನ್ನು ಬಿಡುವುದಿಲ್ಲ.

ಮೂರನೆಯ ಸಲವೂ ಆಗಲಿಲ್ಲ. ಅದಾದ ಮೇಲೆ ಏನೋ ಕೆಲಸ ಕೇಳಲು ಸಾಂಗಲಿಗೆ ಹೋದವಳು ಅಲ್ಲಿ ಒಬ್ಬ ಫೌಜದಾರನನ್ನು ಕಂಡಳು. ಅವನು ನನ್ನ ವರ್ಷದ ಪರೀಕ್ಷೆಯಲ್ಲಿ ಆಯ್ಕೆಯಾದವನು. ನಮ್ಮ ಸರ್ ಕೂಡ ನಿಮ್ಮ ಜೊತೆಯವರೇ ಎಂದು ನನ್ನ ಬಗ್ಗೆ ಅಭಿಮಾನದಿಂದ ಹೇಳಿದ್ದಾಳೆ. ಜತ್ತದಿಂದ ಆ ವರ್ಷ ಯಾರೂ ಆಗಿರಲಿಲ್ಲ ಎಂದು ಅವನು ಹೇಳಿದ್ದಾನೆ.

ಮಧ್ಯಾಹ್ನ ಖಾಲಿ ಕ್ಲಾಸಿನಲ್ಲಿ ನಾನು ಬೋರ್ಡು ಒರೆಸುತ್ತಿದ್ದೆ. ಬಂದು ಬಾಗಿಲಲ್ಲೇ ನಿಂತಳು.

"ನೀವು ಆಗಿರಲಿಲ್ಲಂತ, ಸರ."

"ಯಾರಂದ್ರು?" ಎಂದೆ. ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಅವಳ ಬಗ್ಗೆ ಅಲ್ಲ, ಇನ್ನು ಎಷ್ಟು ಜನಕ್ಕೆ ಗೊತ್ತಾಗುತ್ತದೋ ಎಂಬುದರ ಬಗ್ಗೆ ನನಗೆ ಚಿಂತೆಯಾಗಿತ್ತು.

"ಅದು ಯಾಕ ಬೇಕ್ರಿ ನಿಮಗ? ಹೌದೋ ಅಲ್ಲೋ, ಅಷ್ಟ ಹೇಳ್ರಿ."

"ಹೌದು. ಆಗಿರಲಿಲ್ಲ."

ಹತ್ತಿರದ ಬೆಂಚಿನ ಮೇಲೆ ಕುಳಿತಳು. ಬೈಯುತ್ತಾಳೆ ಎಂದು ಕಾದೆ, ಬೈದರೆ ಹಗುರಾಗುತ್ತಿತ್ತೇನೋ.

"ನೀವು ಆಗಲಿಲ್ಲ ಅಂತ ನನಗ ಸಿಟ್ಟಿಲ್ರಿ," ಎಂದಳು ಕೊನೆಗೆ. "ಮಿರಜದ ಕೆಲಸ ಹೋತು, ಅದೂ ಇರ್ಲಿ. ಆದ್ರ ಇಷ್ಟು ವರ್ಷ ನನ್ನನ್ನ ನಾನ ಬೈಕೊಂಡೀನ್ರಿ. ನಾ ಆಳಸಿ, ನನಗ ನಿಷ್ಠೆ ಇಲ್ಲ, ಸರ್‌ಗೆ ಆದದ್ದು ನನಗ್ಯಾಕ ಆಗವಲ್ದು ಅಂತ. ನಮ್ಮವ್ವ ಉಣ್ಣು ಅಂದ್ರ, ಉಣ್ಣಾಕ ನನಗ ಯೋಗ್ಯತಿ ಇಲ್ಲ ಅನಸ್ತಿತ್ತು. ನೀವು ಒಂದ ಮಾತು ಹೇಳಬೇಕಾಗಿತ್ರಿ — ನಾನೂ ದುಡಿದೆ, ನನಗೂ ಆಗಲಿಲ್ಲ ಅಂತ."

ಎದ್ದು ಹೋದಳು. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದಳು.

ಇಲ್ಲಿಗೆ ನನ್ನ ತಪ್ಪು ಮುಗಿಯಿತು ಎಂದು ಓದುವವರು ಅಂದುಕೊಳ್ಳಬಾರದು. ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಿಡಲಿಲ್ಲ ಎಂದು ಖಾತ್ರಿಯಾದ ಮೇಲೆ ನಾನು ಮತ್ತೊಂದು ವರ್ಷ ಅದೇ ಬೋರ್ಡಿನ ಮುಂದೆ ನಿಂತು ಅದೇ ಪಾಠ ಹೇಳಿದೆ. ಅವಳ ಮೌನವನ್ನೂ ನನ್ನ ಉಪಯೋಗಕ್ಕೆ ಬಳಸಿಕೊಂಡೆ.

ಮುಂದಿನ ಬ್ಯಾಚಿಗೆ ಬೆಳುಂಕಿಯಿಂದ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದ. "ಮಾಯವ್ವನ್ನ ಕೇಳಿ ಬಂದೀವ್ರಿ," ಎಂದ. "ಸರ್ ಪಾಠ ಚಲೋ ಹೇಳತಾರ ಅಂದ್ಲು." ಅದಕ್ಕಿಂತ ಹೆಚ್ಚಿಗೆ ಏನೂ ಅಂದಿಲ್ಲ ಅವಳು, ಸುಳ್ಳೂ ಇಲ್ಲ, ಚಾಡಿಯೂ ಇಲ್ಲ. ನನ್ನ ಪಾಠಕ್ಕೆ ಸಲ್ಲಬೇಕಾದದ್ದನ್ನು ಅಳತೆ ಮಾಡಿ ಕೊಟ್ಟಿದ್ದಳು.

ಮರುದಿನ ಹೊಸ ತಂಡದ ಮುಂದೆ ಎಲ್ಲವನ್ನೂ ಹೇಳಿದೆ. ನಾನು ಫೌಜದಾರಕಿ ಬಿಟ್ಟವನಲ್ಲ, ಫೌಜದಾರಕಿ ನನಗೆ ಸಿಕ್ಕೇ ಇರಲಿಲ್ಲ. ನಾನು ಚೆನ್ನಾಗಿ ದುಡಿದಿದ್ದೆ, ಆದರೂ ಆಗಲಿಲ್ಲ. ನನಗಿಂತ ಹೆಚ್ಚು ದುಡಿದ ಒಬ್ಬಳಿಗೂ ಆಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಹಂಗಾದ್ರ ನಾವು ಯಾಕ ದುಡೀಬೇಕ್ರಿ?" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ತಂಟೆಯಿರಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಕೈಯಲ್ಲೊಂದು ಕೆಲಸವಿದ್ದರೆ ಬಿಟ್ಟು ಬರಬೇಡಿ, ಆಗದಿದ್ದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ — ಇಷ್ಟು ಮಾತ್ರ ಹೇಳಬಲ್ಲೆ ಎಂದೆ.

ಸಂಜೆಯೊಳಗೆ ಸರ್ ನನ್ನನ್ನು ತೆಗೆದುಹಾಕಿದರು. ಬಿಳೂರಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಅಪ್ಪ, "ನನಗಾರ ಹೇಳಬೇಕಿತ್ತೋ," ಎಂದ. ಆಮೇಲೆ ನನ್ನೊಡನೆ ಅವನ ಮಾತು ಬೇಕಾದಷ್ಟಕ್ಕೆ ಮಾತ್ರ. ಈಗ ನಾನು ಊರಲ್ಲಿ ಹೊಲ ನೋಡಿಕೊಂಡು, ಸಾಲೆಯ ಮಕ್ಕಳಿಗೆ ಮರಾಠಿ ವ್ಯಾಕರಣ ಹೇಳಿಕೊಡುತ್ತೇನೆ.

ಮಾಯವ್ವ ಜತ್ತ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದು ತಿಳಿದು, ಕಳೆದ ತಿಂಗಳು ಹೋದೆ. ಗಿರಾಕಿಗಳು ತೆಗೆಸಿ ನೋಡಿ, ಕೊಳ್ಳದೆ ಬಿಟ್ಟುಹೋದ ಸೀರೆಗಳು ಅಂಗಡಿಯ ಗಾದಿಯ ತುಂಬ ಹರಡಿದ್ದವು. ಅವಳು ಒಂದೊಂದಾಗಿ ಮಡಚುತ್ತಿದ್ದಳು.

"ಬರ್ರಿ ಸರ, ಕುಂದ್ರಿ," ಎಂದಳು. ಕುಳಿತೆ.

"ಎಲ್ಲಾರ ಮುಂದ ಹೇಳಿಬಿಟ್ಟೆ, ಮಾಯವ್ವಾ."

"ಕೇಳೀನ್ರಿ."

ಸೀರೆಯ ಅಂಚಿಗೆ ಅಂಚು ಕೂಡಿಸಿದಳು. ಕ್ಷಮಿಸು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳೇ ತಲೆಯೆತ್ತಿ ಕೇಳಿದಳು —

"ಅದರಿಂದ ನನಗ ಈಗ ಏನಾಗಬೇಕ್ರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ಉತ್ತರ ಇದ್ದರೆ ತಿಳಿದುಕೊಳ್ಳೋಣ ಎಂಬಂತೆ ಕೇಳಿದಳು. ಅಷ್ಟರಲ್ಲಿ ಇಬ್ಬರು ಹೆಣ್ಣುಮಕ್ಕಳು ಅಂಗಡಿಗೆ ಬಂದರು. ಅವಳು ಮಡಚಿದ ಸೀರೆಯನ್ನು ಪಕ್ಕಕ್ಕಿಟ್ಟು, ಅವರಿಗಾಗಿ ಹೊಸದೊಂದನ್ನು ಬಿಚ್ಚಿ ಹಾಸಿದಳು. ಅವರಿಗೆ ಜಾಗ ಆಗಲೆಂದು ನಾನು ಎದ್ದು ಬಂದೆ.