ದಕ್ಷಿಣಕ್ಕೆ ಹೊರಟ ಬಾಣಂತಿ ಕೋಣೆ

ಜುಲೈ ತಿಂಗಳ ಚಳಿಗಾಲ ಬಂತೆಂದರೆ ಆಸ್ಟ್ರೇಲಿಯಾದಲ್ಲಿ ಕಾರಿಗೆ ಕಟ್ಟಿ ಎಳೆಯುವ ಪುಟ್ಟ ಮನೆಗಳಂಥ ಕ್ಯಾರವಾನ್‌ಗಳೆಲ್ಲ ಉತ್ತರಕ್ಕೆ ಮುಖ ಮಾಡುತ್ತವೆ. ಅಡಿಲೇಡು, ಮೆಲ್ಬರ್ನಿನ ಚಳಿಗೆ ಬೇಸತ್ತ ನಿವೃತ್ತರು ಬ್ರಿಸ್ಬೇನ್ ದಾಟಿ ಬಿಸಿಲು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ನಟರಾಜ ಮಾತ್ರ ಬ್ರಿಸ್ಬೇನಿನ ಹದವಾದ ಬಿಸಿಲು ಬಿಟ್ಟು, ಎರಡು ಸಾವಿರ ಕಿಲೋಮೀಟರ್ ದಕ್ಷಿಣಕ್ಕೆ, ಚಳಿಯನ್ನೇ ಹುಡುಕಿಕೊಂಡು ಹೊರಟಿದ್ದ. ಅದೂ ಯಾತಕ್ಕೆ? ಬಾಣಂತನ ಮಾಡಲಿಕ್ಕೆ! ಅರವತ್ತರ ಹತ್ತಿರದ ಗಂಡಸು, ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸಿನಲ್ಲಿ ಸೇತುವೆಗಳ ನಕ್ಷೆ ಹಾಕುವ ಎಂಜಿನಿಯರು. ಕೇಳಿದವರು ನಗದೆ ಇನ್ನೇನು ಮಾಡಿಯಾರು?

"ಲೋ, ತಲೆಗಿಲೆ ಕೆಟ್ಟಿದೆಯೇನೋ?" ಎಂದಳು ಅಕ್ಕ ದೇವಕಿ ಫೋನಿನಲ್ಲಿ. ಅವಳಿರುವುದು ಪರ್ತ್‌ನ ಥಾರ್ನ್ಲಿಯಲ್ಲಿ, ದೇಶದ ಇನ್ನೊಂದು ಕೊನೆಯಲ್ಲಿ. "ಬಾಣಂತನ ಅಂದ್ರೆ ಡ್ರಾಯಿಂಗ್ ಹಾಕ್ದಂಗಲ್ಲ ಕಣೋ. ನನ್ನ ಮಂಡಿ ನೆಟ್ಟಗಿದ್ದಿದ್ರೆ ನಾನೇ ಹೋಗ್ತಿದ್ದೆ."

"ನೆಟ್ಟಗಿಲ್ವಲ್ಲ. ಅದಕ್ಕೇ ನೀನು ಹೇಳ್ಕೊಡು, ನಾನು ಮಾಡ್ತೀನಿ."

ಮಗಳು ಗೌತಮಿ ಇರುವುದು ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ. ಗಂಡ ಸಿದ್ಧಾರ್ಥನಿಗೆ ಅಲ್ಲಿ ಕೆಲಸ. ಪುಟ್ಟ ಬಾಡಿಗೆ ಮನೆ. ಮೈಸೂರಿನಿಂದ ಬರಬೇಕಿದ್ದ ಅತ್ತೆಗೆ ವೀಸಾ ಸಿಕ್ಕಿರಲಿಲ್ಲ. ಹೆತ್ತ ತಾಯಿ ಗೀತಾ ತೀರಿಕೊಂಡು ಮೂರು ವರ್ಷ. ಗೌತಮಿ ಇನ್ನೂ ಕಾಲೇಜಿನಲ್ಲಿದ್ದಾಗಲೇ ಗೀತಾ ಹೇಳುತ್ತಿದ್ದಳು, "ಇವಳ ಬಾಣಂತನ ನಾನೇ ಮಾಡ್ಬೇಕು. ಮೂರು ತಿಂಗಳು ಹಾಸಿಗೆಯಿಂದ ಏಳೋಕೆ ಬಿಡಲ್ಲ ನೋಡಿ." ಹುಡುಗಿ ಆಗ "ಮಾಮ್, ಸ್ಟಾಪ್" ಎಂದು ಕೆಂಪಗಾಗುತ್ತಿದ್ದಳು.

ಈಗ ತಿಂಗಳು ತುಂಬುತ್ತಿರುವಾಗ ನಟರಾಜ "ನಾನು ಬರ್ಲಾ ಪುಟ್ಟಿ?" ಎಂದು ಕೇಳಿದರೆ, "ಬೇಡಪ್ಪಾ. ಇಟ್ಸ್ ಫ್ರೀಜಿಂಗ್ ಹಿಯರ್. ಜಾಗಾನೂ ಇಲ್ಲ. ಕಮ್ ಇನ್ ಸ್ಪ್ರಿಂಗ್" ಎನ್ನುತ್ತಾಳೆ. ಕೇಳಿದಾಗಲೆಲ್ಲ ಅದೇ ಉತ್ತರ. ಕರೆಯದ ಮನೆಗೆ ಅಪ್ಪನಾದರೂ ಹೇಗೆ ಹೋಗುವುದು? ಮಗಳು ಒಂದು ಸಲ ಬಾ ಅಂದರೆ ಸಾಕಿತ್ತು ಅವನಿಗೆ. ಆ ಒಂದು ಮಾತಿಗಾಗಿ ಅವನ ಜೀವ ಎಷ್ಟು ಹಂಬಲಿಸುತ್ತಿತ್ತೆಂದರೆ, ಫೋನು ಸ್ನಾನದ ಮನೆಗೂ ಅವನ ಜೊತೆಗೇ ಹೋಗುತ್ತಿತ್ತು.

ಕೊನೆಗೆ ಹಟ ಬಂತು. ಜಾಗ ಇಲ್ಲ ತಾನೇ? ಜಾಗವನ್ನೇ ಕಟ್ಟಿಕೊಂಡು ಹೋದರಾಯಿತು! ವರ್ಷಗಟ್ಟಲೆ ದುಡಿದವರಿಗೆ ಸಿಗುವ ಲಾಂಗ್ ಸರ್ವಿಸ್ ಲೀವ್ ಬರೆದುಕೊಟ್ಟು ಒಂದು ಹಳೇ ಕ್ಯಾರವಾನ್ ತಂದು ಮನೆಮುಂದೆ ನಿಲ್ಲಿಸಿದ.

ಅದು ವಿಕ್ಟೋರಿಯಾದ ಹಿಮದ ಬೆಟ್ಟಗಳ ಕಡೆಯಿಂದ ಬಂದ ಗಾಡಿ. ಚಳಿಗೆ ಪೈಪು ಹೆಪ್ಪುಗಟ್ಟಿ ಒಡೆಯದಿರಲೆಂದು ಹಿಂದಿನವರು ನೀರೆಲ್ಲ ಬಸಿದು, ಒಳಗೆ ಗುಲಾಬಿ ಬಣ್ಣದ ಔಷಧಿ ತುಂಬಿಸಿದ್ದರು. ನಲ್ಲಿ ತಿರುಗಿಸಿದರೆ ಗುಲಾಬಿ ಶರಬತ್ತಿನ ಬಣ್ಣ. ನಟರಾಜ ಟ್ಯಾಂಕಿಗೆ ನೀರು ಬಿಟ್ಟು, ಪಂಪು ಹಾಕಿ, ಎಲ್ಲ ನಲ್ಲಿಗಳಿಂದಲೂ ಸುರಿಸಿದ. ನೀರು ತಿಳಿಯಾಯಿತು.

"ಇನ್ನೊಂದ್ಸಲ ತೊಳಿ," ಎಂದಳು ದೇವಕಿ ಫೋನಿನಲ್ಲಿ. "ಕೂಸಿನ ಮೈಗೆ ಹಾಕೋ ನೀರು ಕಣೋ ಅದು."

ಇನ್ನೊಂದು ಸಲ ತೊಳೆದ. ಆಮೇಲೆ ಬಿಸಿನೀರಿನ ಬಾಯ್ಲರು ಹಚ್ಚಿ ಕಾದ, ಕಾದ, ಬಂದದ್ದು ಮಾತ್ರ ತಣ್ಣೀರು. ಊರಿನ ಸೇತುವೆಗಳನ್ನೆಲ್ಲ ನಿಲ್ಲಿಸಿದ ಎಂಜಿನಿಯರಿಗೆ ಅರ್ಧ ದಿನ ಇದರ ಗುಟ್ಟು ಸಿಗಲಿಲ್ಲ. ಔಷಧಿ ಬಾಯ್ಲರಿಗೆ ಹೋಗದಿರಲೆಂದು ಹಿಂದಿನವರು ಪಕ್ಕದ ಪೈಪಿಗೆ ನೀರಿನ ದಾರಿ ತಿರುಗಿಸಿದ್ದರು, ಇವನು ಅದನ್ನು ಮರಳಿ ತಿರುಗಿಸಿಯೇ ಇರಲಿಲ್ಲ. ತಿರುಗಿಸಿದ ಮೇಲೆ ಹಬೆಯಾಡುವ ನೀರು ಬಂತು. ಅಂಗೈ ಒಡ್ಡಿ ನಿಂತವನಿಗೆ, ಗೌತಮಿ ಹುಟ್ಟಿದಾಗ ಗೀತಾಳ ಅಮ್ಮ ಕಾಲು ನೀಡಿ ಕೂತು ಕೂಸಿಗೆ ಎರೆಯುತ್ತಿದ್ದದ್ದು ನೆನಪಾಯಿತು. ಆವತ್ತು ತಾನು ಬಾಗಿಲಾಚೆ ನಿಂತು ಟವಲ್ಲು ಕೊಟ್ಟದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

ಬಾಣಂತಿಗೆ ಗಾಳಿ ತಾಗಬಾರದಲ್ಲ. ಊದುಬತ್ತಿ ಹಚ್ಚಿಕೊಂಡು ಬಾಗಿಲು, ಕಿಟಕಿ, ಸಿಂಕಿನ ಕೆಳಗೆಲ್ಲ ಹಿಡಿದು ನೋಡಿದ. ಹೊಗೆ ಬಳುಕಿದ ಕಡೆಯೆಲ್ಲ ರಬ್ಬರ್ ಪಟ್ಟಿ ಅಂಟಿಸಿದ. ಡೀಸೆಲ್ ಹೀಟರು ರಿಪೇರಿ ಮಾಡಿಸಿದ. ಕಿಟಕಿಗಳಿಗೆ ದಪ್ಪ ಪರದೆ, ಹಾಸಿಗೆಗೆ ಎರಡು ರಜಾಯಿ. ಮೆಣಸು, ಒಣಶುಂಠಿ, ಬೆಳ್ಳುಳ್ಳಿ ಕಪಾಟು ಸೇರಿದವು. ದೇವಕಿ ಮೆಣಸಿನ ಸಾರು ವಿಡಿಯೋದಲ್ಲೇ ಹೇಳಿಕೊಟ್ಟಳು.

"ತಲೆಗೆ ಸಾಂಬ್ರಾಣಿ ಹೊಗೆ ಹಾಕ್ದೆ ಅದೆಂಥ ಬಾಣಂತನ?" ಎಂದು ಅವಳು ಅಂದದ್ದೇ ತಡ, ಇವನು ಕ್ಯಾರವಾನಿನೊಳಗೆ ಕೆಂಡ ಇಟ್ಟ. ಹೊಗೆಯ ಅಲಾರಂ ಬೀದಿಗೆಲ್ಲ ಕೇಳುವಂತೆ ಕಿರುಚಿತು. ಪಕ್ಕದ ಮನೆಯವನು ಬಕೆಟ್ಟು ಹಿಡಿದು ಓಡಿಬಂದ. ಮುಚ್ಚಿದ ಗಾಡಿಯೊಳಗೆ ಕೆಂಡ ಇಟ್ಟರೆ ಪ್ರಾಣಕ್ಕೇ ಕುತ್ತು ಎಂದು ಅವನು ಬೈದ ಮೇಲೆ ಸಾಂಬ್ರಾಣಿ ಪೆಟ್ಟಿಗೆ ಸೇರಿತು.

ಎಲ್ಲ ಮುಗಿದ ಮೇಲೆ ನಟರಾಜ ಖುಷಿ ತಡೆಯಲಾರದೆ ಗೌತಮಿಗೆ ವಿಡಿಯೋ ಕಾಲ್ ಮಾಡಿದ. "ನೋಡು ಪುಟ್ಟಿ, ಬಿಸಿನೀರು ಬರುತ್ತೆ. ಇದು ನಿನ್ನ ಹಾಸಿಗೆ. ಇಲ್ಲಿ ಕೂಸು. ನಾನು ಈ ಬೆಂಚಿನ ಮೇಲೆ ಮಲಗ್ತೀನಿ." ಗೌತಮಿ ಕೂಗಿಯೇಬಿಟ್ಟಳು, "ವೈ ಆರ್ ಯು ಡೂಯಿಂಗ್ ದಿಸ್, ಅಪ್ಪಾ? ಬೇಡ ಅಂದ್ನಲ್ಲ!"

"ಯಾಕೆ ಪುಟ್ಟಿ?"

ಮಾತಿಗೊಮ್ಮೆ ಇಂಗ್ಲಿಷ್ ಬೆರೆಸುವ ಹುಡುಗಿ ಆಗ ಬರೀ ಕನ್ನಡಕ್ಕೆ ಬಂದಳು. "ನೀನೊಬ್ನೇ ಬಂದು ಇದೆಲ್ಲ ಮಾಡಿದ್ರೆ... ಅಮ್ಮ ಬರಲ್ಲ ಅನ್ನೋದು ನಿಜ ಆಗ್ಬಿಡುತ್ತೆ." ಅಷ್ಟಕ್ಕೇ ಫೋನು ಇಟ್ಟಳು.

ನಟರಾಜ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತ. ಅಯ್ಯೋ, ಇಷ್ಟು ದಿನ ಜಾಗ ಇಲ್ಲವೆಂದು ಜಾಗ ಮಾಡುತ್ತಿದ್ದನಲ್ಲ! ಜಾಗದ ಮಾತೇ ಆಗಿರಲಿಲ್ಲ ಅದು. ಬಹಳ ಹೊತ್ತಿನ ಮೇಲೆ ಅವನೇ ಮತ್ತೆ ಫೋನ್ ಮಾಡಿದ.

"ನಂಗೆ ಅದು ದಿನಾ ಬೆಳಿಗ್ಗೆ ನಿಜ ಆಗ್ತಾನೇ ಇದೆ ಪುಟ್ಟಿ. ಎದ್ದ ತಕ್ಷಣ. ಒಬ್ನೇ ಇಟ್ಕೊಂಡಿರೋಕೆ ಆಗ್ತಿಲ್ಲ ನನ್ನ ಕೈಲಿ. ನಿನಗೋಸ್ಕರ ಅಂತ ಸುಮ್ನೆ ಹೇಳ್ತಿದ್ದೆ. ನಂಗೋಸ್ಕರ ಬರ್ಬೇಕು ಅಂತಿದ್ದೀನಿ. ನೀನು ಬೇಡ ಅಂದ್ರೆ ಬರಲ್ಲ."

ಅವಳು ಅಳುವುದು ಕೇಳಿಸಿತು. ಬಾ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಡಾಕ್ಟರು ಹೇಳಿದ್ದ ದಿನಕ್ಕಿಂತ ಮೊದಲೇ ಹೆರಿಗೆಯಾಯಿತು. ಸಿದ್ಧಾರ್ಥ ಫೋನ್ ಮಾಡಿದ, "ಮಾವ, ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ."

"ಗೌತಮಿ ಏನಾದ್ರೂ ಅಂದ್ಳಾ?"

"ಇಲ್ಲ ಮಾವ. ಸುಮ್ನೆ ಮಲಗಿದ್ದಾಳೆ."

ನಟರಾಜ ಹೊರಟೇಬಿಟ್ಟ. ವಾಪಸ್ ಕಳಿಸಿದರೆ ಕಳಿಸಲಿ, ಮೊಮ್ಮಗಳ ಮುಖ ನೋಡಿಕೊಂಡಾದರೂ ಬಂದೇನು ಎಂದುಕೊಂಡ. ಎದುರಿಗೆ ಸಾಲುಸಾಲು ಕ್ಯಾರವಾನ್‌ಗಳು ಉತ್ತರಕ್ಕೆ ಹೋಗುತ್ತಿದ್ದವು. ದಾರಿಯ ಸರ್ವೋ, ಅಂದರೆ ಪೆಟ್ರೋಲ್ ಬಂಕ್ ಒಂದರಲ್ಲಿ ಡೀಸೆಲ್ ಹಾಕಿಸುವಾಗ ಅಲ್ಲಿನವನು, "ರಾಂಗ್ ವೇ, ಮೇಟ್!" ಎಂದು ನಕ್ಕ. ರಾತ್ರಿ ತಂಗಿದ್ದ ಬ್ರೋಕನ್ ಹಿಲ್ಲಿನಲ್ಲಿ ಬೆಳಗಾಗುವಾಗ ಕಾರಿನ ಗಾಜಿನ ಮೇಲೆ ಹಿಮ ಕಟ್ಟಿತ್ತು, ಕ್ಯಾರವಾನಿನ ಒಳಗೆ ಮಾತ್ರ ಬೆಚ್ಚಗಿತ್ತು. ಅದನ್ನು ಯಾರಿಗಾದರೂ ಹೇಳಬೇಕೆನಿಸಿತು. ಹೇಳಬೇಕಾದವಳು ಇರಲಿಲ್ಲ.

ಸ್ಯಾಲಿಸ್‌ಬರಿ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಗಾಡಿಯ ಸದ್ದಿಗೆ ಗೌತಮಿ ಬಾಗಿಲು ತೆಗೆದು ಬಂದಳು. ಎದೆಗವಚಿದ ಕೂಸು, ಕೆದರಿದ ತಲೆ. ಅಪ್ಪಾ ಎನ್ನಲಿಲ್ಲ. ಅವಳ ಕಣ್ಣು ಅವನನ್ನು ದಾಟಿ ಕಾರಿನ ಎಡಗಡೆ ಸೀಟಿಗೆ ಹೋಯಿತು. ಆ ಬಾಗಿಲು ಈಗ ತೆರೆಯಬಹುದು, ಈಗ ತೆರೆಯಬಹುದು ಎಂದು ನೋಡುತ್ತಲೇ ನಿಂತಳು. ನಟರಾಜನೂ ತಿರುಗಿ ನೋಡಿದ.

"ಬರ್ಲಿಲ್ಲ, ಅಲ್ವಾ?" ಎಂದಳು.

"ಇಲ್ಲ ಪುಟ್ಟಿ. ನಾನೊಬ್ನೇ."

ಅವಳು ಜೋರಾಗಿ ಅತ್ತಳು, ಅವನೂ ಅತ್ತ. ಆಮೇಲೆ ಕೂಸನ್ನು ಅವನ ತೋಳಿಗೆ ಕೊಟ್ಟು, ಚಪ್ಪಲಿ ಹೊರಗೇ ಬಿಟ್ಟು, ಗೌತಮಿ ಕ್ಯಾರವಾನಿನ ಮೆಟ್ಟಿಲು ಹತ್ತಿ ಒಳಗೆ ಹೋಗಿ ಮಲಗಿಕೊಂಡಳು.

"ಬೇಗ ಬಾಪ್ಪಾ," ಎಂದಳು ಒಳಗಿನಿಂದ. "ಬಾಗಿಲು ಹಾಕು, ಚಳಿ."