ಕೆಂಗಲ್ ಬಳಿ ಡಬ್ಬಿ ಹೇಳಿದ ಮಾತು

ನನ್ನ ಟೆಂಪೋದ ಸ್ಟೇರಿಂಗ್ ಪಕ್ಕ ಆ ಮಾತಾಡುವ ಡಬ್ಬಿ ಕೂರಿಸಿದ ದಿನದಿಂದಲೇ ನನಗೆ ಅದರ ಮೇಲೆ ಗುಮಾನಿ. ಒಂದು ಗಾಡಿಯ ಡಬ್ಬಿ ಹಿಂದಿನ ಗಾಡಿಗಳ ಡಬ್ಬಿಗಳಿಗೆ ಸುದ್ದಿ ಮುಟ್ಟಿಸುತ್ತದೆ, ಎಷ್ಟು ವೇಗದಲ್ಲಿ ಹೋಗಬೇಕೆಂದು ಹೇಳುತ್ತದೆ, ಎಲ್ಲರೂ ಕೇಳಿದರೆ ಚನ್ನಪಟ್ಟಣ, ರಾಮನಗರದ ಪೇಟೆಯೊಳಗೆ ನಿಂತು ನಿಂತು ಸಾಯುವುದು ತಪ್ಪುತ್ತದೆ ಎಂದಿದ್ದರು ಅದನ್ನು ಕೂರಿಸಿದ ಕಂಪನಿಯ ಇಂಜಿನಿಯರಮ್ಮ. ಮುಂದೆ ಡ್ರೈವರ್ ಇಲ್ಲದ ಗಾಡಿಗಳೂ ಹೀಗೇ ಓಡುತ್ತವಂತೆ. ನನ್ನ ಅನ್ನಕ್ಕೆ ಕಲ್ಲು ಹಾಕುವ ವಿದ್ಯೆಯನ್ನು ಇದು ನನ್ನಿಂದಲೇ ಕಲಿಯುತ್ತಿದೆ ಅನ್ನಿಸಿತು. ನಾನು ಎಲ್ಲೆಲ್ಲಿ ಟೀಗೆ ನಿಲ್ಲಿಸಿದೆ ಎಂದು ಯಾರಿಗೋ ಚಾಡಿಯನ್ನೂ ಹೇಳುತ್ತಿರಬೇಕು.

ಅದು ಬೆಪ್ಪಾದದ್ದು ಕೆಂಗಲ್‌ನಲ್ಲಿ. ಆಂಜನೇಯನ ಗುಡಿ ಎದುರು ನಾವು ಡ್ರೈವರ್‌ಗಳೆಲ್ಲ ವೇಗ ಇಳಿಸಿ, ಒಂದು ಕೈ ಎದೆಗೆ ಮುಟ್ಟಿಸಿಕೊಂಡು ಮುಂದೆ ಹೋಗುತ್ತೇವೆ. ಡಬ್ಬಿ ಅದನ್ನು ಟ್ರಾಫಿಕ್ ಜಾಮ್ ಎಂದುಕೊಂಡು, ಅರ್ಧ ಮೈಲಿ ಹಿಂದಿದ್ದವರಿಗೂ ‘ನಿಧಾನ’ ಎಂದು ಒದರುತ್ತಿತ್ತು. ಅಲ್ಲೇನಾದರೂ ಹಂಪ್ ಇದೆಯೇ ಎಂದು ಇಂಜಿನಿಯರಮ್ಮ ಕೇಳಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಕೈ ಮುಗಿಯುವುದು ಅದಕ್ಕೇನು ಗೊತ್ತು? ಅಂದಿನಿಂದ ಕೆಂಗಲ್ ಬಂದರೆ ಅದರ ಮಾತಿಗೆ ನಾನು ಕಿವಿಗೊಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಮಳೂರಿನಿಂದ ನನ್ನ ಅಕ್ಕನ ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟೆ. ಭಾವ ಕಾಲು ಮುರಿದುಕೊಂಡ ಮೇಲೆ ಅವಳೊಬ್ಬಳೇ ಹುಳು ಸಾಕಿ ತೆಗೆದ ಮೊದಲ ಬೆಳೆ. ಕುಲುಕಬೇಡ, ಒಳಗಿನ ಹುಳು ಜಜ್ಜಿದರೆ ಗೂಡಿಗೆ ಕಲೆಯಾಗುತ್ತದೆ ಎಂದು ಹತ್ತು ಸಲ ಹೇಳಿ, ಅವಳು ಬಸ್ಸಿನಲ್ಲಿ ಮುಂದೆ ಹೋಗಿದ್ದಳು.

ಗುಡಿ ಇನ್ನೂ ದೂರವಿತ್ತು. ಡಬ್ಬಿ ‘ನಿಧಾನ’ ಅಂದಿತು. ಮತ್ತೆ ಅಂದಿತು, ಮತ್ತೂ ಅಂದಿತು. ಮುಚ್ಚು ಬಾಯಿ ಎಂದು ಬೈದು ತಿರುವು ದಾಟಿದರೆ, ಪೂಜೆಗೆ ಬಂದ ಹೊಸ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ನಿಂತು, ಗಾಡಿಗಳ ಸಾಲು ನನ್ನ ಟೆಂಪೋದ ಮೂತಿಯವರೆಗೂ ಬಂದಿತ್ತು. ಬ್ರೇಕ್ ಒತ್ತಿದೆ. ಹಿಂದೆ ಚೀಲಗಳೆಲ್ಲ ಒಂದರ ಮೇಲೊಂದು ಬಿದ್ದವು.

ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಸಾಬರೊಬ್ಬರು ರಾಶಿಯ ಅಡಿಗೆ ಕೈ ಹಾಕಿದರು. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳಿದರು. ಕಲೆಯಾದ ನಾಲ್ಕೈದನ್ನು ಅಕ್ಕನ ಅಂಗೈಯಲ್ಲಿಟ್ಟು, ಕೊಳ್ಳದೆ ಮುಂದಿನ ರಾಶಿಗೆ ಹೋದರು.

ಅಕ್ಕ ನನ್ನ ಮುಖ ನೋಡಿದಳು. ಡಬ್ಬಿ ಏನೂ ಹೇಳಲೇ ಇಲ್ಲ, ಕೈಕೊಟ್ಟಿತು ಅಂದೆ. ಆಗ ನಾಚಿಕೆಯಾಗಲಿಲ್ಲ, ಈಗ ಆಗುತ್ತದೆ. ಅವಳು ನಂಬಿದಳು. ನಂಬಿದ್ದರಿಂದಲೇ, ಇಂಜಿನಿಯರಮ್ಮ ಡಬ್ಬಿ ನೋಡಲು ಬಂದ ದಿನ ಹುಡುಕಿಕೊಂಡು ಬಂದು ಜಗಳ ತೆಗೆದಳು. ಆಯಮ್ಮ ಫೋನಿನಲ್ಲಿ ಡಬ್ಬಿಯ ಆ ದಿನದ ದಾಖಲೆ ತೆರೆದು ಅಕ್ಕನ ಕೈಗೆ ಕೊಟ್ಟರು.

“ಇದು ಮೂರು ಸಲ ಹೇಳೈತೆ ಕಣ್ಲಾ,” ಅಂದಳು ಅಕ್ಕ. “ನೀನು ಒಂದ್ ಸಲನಾರ ನಂಗೆ ನಿಜ ಹೇಳ್ಬೋದಿತ್ತು.”

ಮುಂದಿನ ಬೆಳೆಗೆ ಅವಳು ಬಸ್ಸು ಹತ್ತಲಿಲ್ಲ. ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತು, ದಾರಿಯುದ್ದಕ್ಕೂ ಡಬ್ಬಿಯನ್ನೇ ನೋಡುತ್ತಿದ್ದಳು. ನನ್ನ ಮೇಲೆ ನಂಬಿಕೆ ಇಲ್ಲವೇನಕ್ಕ ಎಂದು ಕೇಳಿದೆ.

“ಅದೇನ್ ಹೇಳ್ತದೋ ಕೇಳ್ಕಂಡು ಓಡ್ಸು,” ಅಂದಳು.