ಬೋಣಿಗೆಯ ಹೊಲಿಗೆ ಮಷಿನ್

ಬೆಳಗಾವಿಯ ಮಿಲಿಟರಿ ಕ್ಯಾಂಪ್ ಪ್ರದೇಶದಲ್ಲಿ ಹಳೆಯ ಸಾಮಾನು ಮಾರುವ ಅಂಗಡಿಯೊಂದಿತ್ತು. ಅದರ ಮಾಲಕನ ಮೇಲೆ ನನಗಿದ್ದ ಸಿಟ್ಟು ಇಳಿಯಲು ಒಂಬತ್ತು ವರ್ಷ ಬೇಕಾಯಿತು. ಇಳಿದದ್ದೂ ಪೂರ್ತಿಯಾಗಿ ಅಲ್ಲ. ಈಗಲೂ ಯಾವುದಾದರೂ ಅಂಗಡಿಯಲ್ಲಿ 'ಮುಟ್ಟಬೇಡಿ' ಎಂಬ ಹಲಗೆ ಕಂಡರೆ ನನ್ನ ಬೆರಳು ತಾನಾಗಿಯೇ ಆ ಸಾಮಾನಿನ ಕಡೆ ಹೋಗುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮದು ಖಾನಾಪುರ. ಅಪ್ಪ ಅಲ್ಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ಅವ್ವ ಒಂದು ಎಮ್ಮೆ ಕಟ್ಟಿಕೊಂಡು ನಾಲ್ಕು ಮನೆಗೆ ಹಾಲು ಹಾಕುತ್ತಿದ್ದಳು. ನಾನು ಎರಡು ವರ್ಷ ದಿನಾ ರೈಲಿನಲ್ಲಿ ಬೆಳಗಾವಿಗೆ ಹೋಗಿಬಂದು ಹೊಲಿಗೆ ಕ್ಲಾಸು ಮುಗಿಸಿದೆ. ಅಪ್ಪ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ. ಬಂದವರೆಲ್ಲ ಅದನ್ನು ನೋಡಿ, ಅದರ ಕೆಳಗಿನ ಖಾಲಿ ಜಾಗವನ್ನೂ ನೋಡಿ, "ಮಷಿನ್ ಎಲ್ಲೈತಿ?" ಎಂದು ಕೇಳುತ್ತಿದ್ದರು. ಕೇಳುವುದರಲ್ಲಿ ನಮ್ಮ ಊರಿನವರು ಎಂದೂ ಹಿಂದೆ ಬಿದ್ದವರಲ್ಲ.

ಊರಿನ ಹೆಣ್ಣುಮಕ್ಕಳ ಶಾಲೆಯ ದೊಡ್ಡಬಾಯಿಯವರಿಗೆ, ಅಂದರೆ ಮುಖ್ಯೋಪಾಧ್ಯಾಯಿನಿಗೆ, ನನ್ನ ಕೈಗೆಲಸ ಗೊತ್ತಿತ್ತು. ಅವರು ಒಂದು ಮಾತು ಕೊಟ್ಟಿದ್ದರು. ಮೇ ತಿಂಗಳು ಹಿಡಿಯುವುದರೊಳಗೆ ನಿನ್ನದೇ ಮಷಿನ್ ಬಂದರೆ ಈ ವರ್ಷದ ಯೂನಿಫಾರ್ಮು ನಿನಗೆ, ಇಲ್ಲದಿದ್ದರೆ ಎಂದಿನಂತೆ ಬೆಳಗಾವಿಯ ಟೇಲರಿಗೆ. ಆ ಟೇಲರು ನನಗೂ ಒಂದು ಕೆಲಸ ಹೇಳಿದ್ದ: ಬೆಳಗಿನಿಂದ ಸಂಜೆಯವರೆಗೆ ಅವನ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತು ಕಾಜಾ ಮಾಡಿ ಗುಂಡಿ ಹಚ್ಚುವುದು. ಅಂದರೆ ಮಷಿನ್ ಬರದಿದ್ದರೆ ನಮ್ಮೂರಿನ ಹುಡುಗಿಯರ ಅಂಗಿಗೇ ನಾನು ಬೆಳಗಾವಿಯಲ್ಲಿ ಕೂತು ಗುಂಡಿ ಹಚ್ಚಬೇಕು. ಇದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವ್ವ ಏನೂ ಅನ್ನದೆ ಒಂದು ಸೋಮವಾರ ಎಮ್ಮೆ ಮಾರಿ ಬಂದಳು.

ಹೊಸ ಮಷಿನ್ನಿಗೆ ಎಮ್ಮೆ ಸಾಲುತ್ತಿರಲಿಲ್ಲ. ಹಾಗಾಗಿ ಕ್ಯಾಂಪಿನ ಆ ಅಂಗಡಿ. ಬದಲಿಯಾಗಿ ಹೋಗುವ ಮಿಲಿಟರಿ ಅಧಿಕಾರಿಗಳು ಹೊರಲಾರದ್ದನ್ನೆಲ್ಲ ಅಲ್ಲಿ ಬಿಟ್ಟು ಹೋಗುತ್ತಿದ್ದರು: ಮಡಚುವ ಮಂಚ, ಉಣ್ಣೆಯ ಕೋಟು, ಗೋಡೆ ಗಡಿಯಾರ, ಗಾಜಿನ ಲೋಟಗಳು. ಮೂಲೆಯಲ್ಲಿ ಗುಲಾಬಿ ಹೂವಿನ ಹಳೆಯ ಚಾದರ ಹೊದ್ದುಕೊಂಡು ಕಾಲಿನ ಮಷಿನ್ ಒಂದು ನಿಂತಿತ್ತು. ಚಾದರದ ಅಂಚಿನಿಂದ ಅದರ ಕಪ್ಪು ಮೈಯ ಮೇಲಿನ ಚಿನ್ನದ ಬಣ್ಣದ ಬಳ್ಳಿ ಕಾಣುತ್ತಿತ್ತು. ಕಂಡ ಕೂಡಲೇ ಅದು ನನ್ನದೇ ಅನಿಸಿತು.

ಮಾಲಕ ಒಂದು ಬೆತ್ತದ ಖುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ. ಖುರ್ಚಿಯ ಮೇಲಿನ ದಿಂಬು ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ಬಂದಿತ್ತು. ತಲೆಯ ಮೇಲೆ ಒಂದು ಹಲಗೆ: 'ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ.'

"ಮಷಿನ್ ನೋಡಬೇಕಾಗಿತ್ರಿ" ಅಂದೆ.

"ಐತಲ್ಲ, ನೋಡ್ರಿ." ಪೇಪರಿನಿಂದ ತಲೆ ಎತ್ತಲಿಲ್ಲ.

ನಾನು ಚಾದರಕ್ಕೆ ಕೈ ಹಾಕಿದೆನೋ ಇಲ್ಲವೋ, ಆತ ಪಕ್ಕದಲ್ಲಿದ್ದ ಅಳತೆಗೋಲಿನಿಂದ ಮೇಜಿಗೆ ಒಂದು ಏಟು ಹಾಕಿದ. "ಮುಟ್ಟಬ್ಯಾಡ್ರಿ."

"ಮುಟ್ಟಲಾರದ ಹೆಂಗ ಓಡಿಸಿ ನೋಡೂದ್ರಿ?"

"ಓಡಸಾಕ ಕೊಡಂಗಿಲ್ಲ. ತೊಗೊಳ್ಳೋರಿದ್ರ ತೊಗೊರಿ, ಮನ್ಯಾಗ ಓಡಸ್ಕೊರಿ."

ಓಡದಿದ್ದರೆ ಏನು ಗತಿ ಎಂದು ಕೇಳಿದೆ. ಆತ ಅಳತೆಗೋಲನ್ನು ಎತ್ತಿ ತಲೆಯ ಮೇಲಿನ ಹಲಗೆ ತೋರಿಸಿದ. ಮಾತು ಮುಗಿಯಿತು.

ಎರಡನೆಯ ಸಲ ನಾನು ಅವ್ವನ ಜೊತೆ ಒಂದು ತುಂಡು ಬಟ್ಟೆ, ನನ್ನದೇ ದಾರದುಂಡೆ ಕಟ್ಟಿಕೊಂಡು ಹೋದೆ. ಅಂಗಡಿಗೆ ಬೀಗ. ಪಕ್ಕದವರು ಊಟಕ್ಕೆ ಹೋಗಿದ್ದಾನೆ ಅಂದರು. ಆ ಊಟ ನಾಲ್ಕು ಗಂಟೆಯವರೆಗೆ ನಡೆಯಿತು. ಎದುರಿನ ಬೇವಿನ ಗಿಡದ ಕೆಳಗೆ ನಾವು ಬುತ್ತಿ ಬಿಚ್ಚಿ ಉಂಡೆವು, ಮತ್ತೆ ಹಸಿದೆವು. ಆತ ಬಂದವನೇ ನಮ್ಮನ್ನು ನೋಡಿ ಮುಖ ಕಹಿ ಮಾಡಿಕೊಂಡ.

"ಗಂಡಸರನ್ನ ಕಳಸ್ರಿ ಅಕ್ಕಾರ. ಹೆಂಗಸರ ಜೋಡಿ ಮಷಿನ್ ವ್ಯವಹಾರ ಮಾಡಂಗಿಲ್ಲ ನಾ."

"ಹೊಲಿಯೋರು ನಾವು, ನೋಡೋರು ಗಂಡಸರೇನ್ರಿ?" ಎಂದು ನಾನು ಏರಿದ ದನಿಯಲ್ಲಿ ಕೇಳಿದೆ. ಅವ್ವ ನನ್ನ ರಟ್ಟೆ ಹಿಡಿದಳು. ಆತ ಪೇಪರಿನ ಪುಟ ತಿರುಗಿಸಿದ.

ಮೂರನೆಯ ಸಲ ಅಪ್ಪ ರಜೆ ಹಾಕಿ ನಮ್ಮ ಜೊತೆ ಬಂದ. ಈಗ ನೋಡಿ, ಅಂಗಡಿಯ ನಡೆನುಡಿಯೇ ಬೇರೆ. "ಬರ್ರಿ ಸಾಹೇಬ್ರ, ಕುಂದರ್ರಿ." ಚಹ ಬಂತು. ಚಾದರ ಸರಿಯಿತು. ಅಪ್ಪನಿಗೆ ಮಷಿನ್ ಅಂದರೆ ಏನೂ ಗೊತ್ತಿಲ್ಲ, ಕಟ್ಟಿಗೆ ಅಂದರೆ ಎಲ್ಲ ಗೊತ್ತು. ಮಷಿನ್ನಿನ ಮೇಜನ್ನು ಬೆರಳಿನಿಂದ ಕುಟ್ಟಿ ನೋಡಿ, ಮೂಸಿ ನೋಡಿ, "ಸಾಗವಾನಿ ಭಾಳ ಚಲೋ ಐತ್ರಿ" ಅಂದ. ಇಬ್ಬರೂ ದಾಂಡೇಲಿಯ ಸಾಗವಾನಿ, ಖಾನಾಪುರದ ಸಾಗವಾನಿ ಎಂದು ಅರ್ಧ ಗಂಟೆ ಮಾತಾಡಿದರು. ನಾನು ನಡುವೆ ಬಾಯಿ ಹಾಕಿ, ಓಡಿಸಿ ನೋಡೋಣ ಅಂದೆ. ಮಾಲಕ ತಕ್ಷಣ ಚಾದರ ಎಳೆದು ಮುಚ್ಚಿ, "ಇದನ್ನ ಮಚ್ಛೆ ಊರಾಗಿನ ಕಾರಖಾನಿಯವರು ಹೇಳಿ ಇಟ್ಟಾರ್ರಿ. ಅವರು ಒಲ್ಲೆ ಅಂದ್ರ ನಿಮಗ" ಅಂದ. ಸುಳ್ಳು ಎಂದು ಅವನ ಕಿವಿಗಳೂ ಹೇಳುತ್ತಿದ್ದವು, ಅಷ್ಟು ಕೆಂಪಾಗಿದ್ದವು. ಅಪ್ಪ ಮಾತ್ರ ಒಳ್ಳೆಯ ಸಾಗವಾನಿ ನೋಡಿದ ತೃಪ್ತಿಯಲ್ಲಿ ರೈಲು ಹತ್ತಿದ. ಖಾನಾಪುರ ಬರುವವರೆಗೆ ನಾನು ಅವನ ಜೊತೆ ಮಾತಾಡಲಿಲ್ಲ.

ಏಪ್ರಿಲ್ ಮುಗಿಯಲು ನಾಲ್ಕೇ ದಿನ ಉಳಿದಿದ್ದವು. ನಾನು ಕಾಜಾ-ಗುಂಡಿಗೆ ಹೋಗುತ್ತೇನೆಂದು ಹೇಳಿ ಅತ್ತುಬಿಟ್ಟೆ. ಅವ್ವ ಎಮ್ಮೆ ಕಟ್ಟುತ್ತಿದ್ದ ಖಾಲಿ ದಾವಣಿಯ ಹತ್ತಿರ ಕೂತು ಮೆಂತೆ ಸೋಸುತ್ತಿದ್ದಳು. ನಾನು ಎಲ್ಲದಕ್ಕೂ ಮಾತಾಡುವವಳು, ಅವ್ವ ಎಲ್ಲವನ್ನೂ ನೋಡುವವಳು.

"ಅವನ ಅಂಗಡಿ ಬಾಗಿಲಕ್ಕ ನಿಂಬಿಹಣ್ಣು ಮೆಣಸಿನಕಾಯಿ ಕಟ್ಯಾನ, ನೋಡೀಯಿಲ್ಲೋ?" ಅಂದಳು. "ನಾಳೆ ಮೊದಲನೇ ಗಾಡಿಗೆ ಹೋಗೂಣು. ಬೋಣಿಗಿ ನಮ್ಮ ಕೈಲೆ ಆಗ್ಲಿ."

ಬೋಣಿಗೆ ಅಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿ ಬರಿಗೈಯಲ್ಲಿ ಹೊರಟುಹೋದರೆ ಇಡೀ ದಿನ ಕೆಟ್ಟಿತು ಎಂದು ನಮ್ಮ ಕಡೆಯ ವ್ಯಾಪಾರಸ್ಥರು ಇಂದಿಗೂ ನಂಬುತ್ತಾರೆ. ಬೋಣಿಗೆ ಆಗುವವರೆಗೆ ಎರಡನೆಯವರಿಗೆ ಏನನ್ನೂ ಕೊಡುವುದಿಲ್ಲ. ಹಾಲು ಮಾರಿದ ಅವ್ವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವಳು ಇಷ್ಟು ದಿನ ಸುಮ್ಮನಿದ್ದದ್ದೇ ನನಗೆ ಆಶ್ಚರ್ಯ.

ಮರುದಿನ ಆತ ಬೀಗ ತೆಗೆಯಲು ಬಂದಾಗ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ನಮ್ಮ ಹಿಂದೆ ಒಬ್ಬ ಹಿರಿಯರು ನಿಂತಿದ್ದರು, ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರು. ಅವರಿಗೆ ಗೋಡೆ ಗಡಿಯಾರ ಬೇಕಾಗಿತ್ತು. ಮಾಲಕ ನಮ್ಮನ್ನು ನೋಡಿದ, ನಿಂಬೆಹಣ್ಣು ನೋಡಿದ, ಒಳಗೆ ಹೋಗಿ ಊದುಬತ್ತಿ ಹಚ್ಚಿದ.

"ಬೋಣಿಗಿ ನಮ್ದರಿ ಅಣ್ಣಾರ" ಅಂದಳು ಅವ್ವ, ಬಹಳ ಮೆತ್ತಗೆ.

ಆತ ಒಂದು ಚಹದ ಸೋಸಣಿಗೆ ತಂದು ಅವಳ ಮುಂದೆ ಇಟ್ಟ. "ಇದನ್ನ ತೊಗೊಂಡು ಬೋಣಿಗಿ ಮಾಡ್ರಿ ಅಕ್ಕಾರ."

"ಮನ್ಯಾಗ ಐತ್ರಿ."

ಕಪ್ಪುಬಸಿ ಬಂದವು. ಅವ್ವ ಬೇಡ ಅಂದಳು. ಒಂದು ಮಿಲಿಟರಿ ಬೆಲ್ಟೂ ಬಂತು. ಅದನ್ನು ನೋಡಿ ಅವ್ವನಿಗೆ ನಗು ತಡೆಯಲಾಗಲಿಲ್ಲ. "ಮಷಿನ್ ತೊಗೊಂಡ ಹೋಗಾಕ ಬಂದೀವ್ರಿ. ನನ್ನ ಮಗಳು ನಾಕು ಹೊಲಿಗಿ ಹಾಕಿ ನೋಡ್ಲಿ. ಇಲ್ಲಂದ್ರ ಬರಿಗೈಲೆ ಎದ್ದು ಹೋಕ್ಕೀವಿ, ನಿಮ್ಮ ಮ್ಯಾಲ ಸಿಟ್ಟಿಲ್ಲ."

ಹಿಂದಿನಿಂದ ಸುಬೇದಾರರು ಕೆಮ್ಮಿದರು. "ನನಗ ಲಗೂನ ಗಡಿಯಾರ ಕೊಡ್ರಿ, ಬಸ್ಸೈತಿ."

"ತಡೀರಿ, ಬೋಣಿಗಿ ಆಗಿಲ್ಲ" ಅಂದ ಮಾಲಕ. ಅಂದವನಿಗೆ ತಾನು ಸಿಕ್ಕಿಬಿದ್ದದ್ದು ತಿಳಿಯಿತು. ಹೋಗಿ ಮಷಿನ್ನಿನ ಚಾದರ ಎಳೆದು ತೆಗೆದ. "ಓಡಸ್ರಿ ಹಂಗಾರ."

ಕೂರಲು ಮಣೆ ಇರಲಿಲ್ಲ. "ನಿಮ್ಮ ಖುರ್ಚಿ ಕೊಡ್ರಿ" ಅಂದೆ. ಆತ ತನ್ನ ಖುರ್ಚಿಯನ್ನು ತಾನೇ ಎತ್ತಿ ತಂದಿಟ್ಟ. ಆ ಕ್ಷಣ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ, ನನ್ನ ಮದುವೆಯ ದಿನ ಕೂಡ ಅಷ್ಟು ಆಗಲಿಲ್ಲ.

ದಾರ ಏರಿಸಿದೆ, ಬಟ್ಟೆ ಇಟ್ಟೆ, ಕಾಲು ಒತ್ತಿದೆ. ಚಕ್ರ ಹಗುರಾಗಿ ತಿರುಗಿತು. ಆದರೆ ಒಂದು ಹೊಲಿಗೆಯೂ ಬೀಳಲಿಲ್ಲ. ಸೂಜಿ ಬಟ್ಟೆಗೆ ತೂತು ಹೊಡೆಯುತ್ತ ಹೋಯಿತು, ಅಷ್ಟೆ. ಎಮ್ಮೆ ಕಣ್ಣ ಮುಂದೆ ಬಂತು.

"ನೋಡ್ರಿ, ಕೆಡಿಸಿದ್ರಿ" ಅಂದ ಮಾಲಕ. "ಇದಕ್ಕ ಮುಟ್ಟಬ್ಯಾಡ್ರಿ ಅಂತಿದ್ದೆ. ಈಗ ತೊಗೊಳ್ಳಾಕ ಬೇಕು."

ಸುಬೇದಾರರು ಮುಂದೆ ಬಂದರು. "ಆ ಹುಡುಗಿ ಏನ ಕೆಡಿಸ್ಯಾಳ್ರಿ? ಹೋದ ತಿಂಗಳ ನನ್ನ ಮುಂದ ನೀವ ಓಡಸಾಕ ಹೋಗಿ, ಹೊಲಿಗಿ ಬೀಳಲಾರದ್ದಕ್ಕ ಚಾದರ ಹೊಚ್ಚಲಿಲ್ಲೇನು?"

ಮೂರು ಸಲ ನಮ್ಮನ್ನು ಓಡಾಡಿಸಿದ್ದು ಏಕೆಂದು ಆಗ ಅರ್ಥವಾಯಿತು. ಕೆಟ್ಟದ್ದನ್ನು ಮುಚ್ಚಿಟ್ಟು ಯಾರಾದರೂ ನೋಡದೆ ಒಯ್ಯಲಿ ಎಂದು ಆತ ಕಾಯುತ್ತಿದ್ದ. ಆತ ಸುಬೇದಾರರ ಮುಖ ನೋಡಲಾರದೆ ಅವ್ವನ ಕಡೆ ತಿರುಗಿದ. "ಆತು ಬಿಡ್ರಿ ಅಕ್ಕಾರ. ಹಳೇ ಕಬ್ಬಿಣದ ರೇಟಿಗೆ ಒಯ್ರಿ. ಸಾಗವಾನಿ ಮೇಜಂತೂ ಉಳಿತದ ನಿಮಗ. ಬೋಣಿಗಿ ಒಂದು ಆಗ್ಲಿ."

ಅವರು ಮಾತಾಡುತ್ತಿದ್ದಾಗ ನಾನು ಬಗ್ಗಿ ಸೂಜಿಯನ್ನು ನೋಡುತ್ತಿದ್ದೆ. ಮಷಿನ್ನಿನ ಸೂಜಿಯ ಬುಡ ಒಂದು ಬದಿ ಗುಂಡಗೆ, ಇನ್ನೊಂದು ಬದಿ ಚಪ್ಪಟೆ. ಚಪ್ಪಟೆ ಬದಿ ಯಾವ ಕಡೆ ಇರಬೇಕು ಎಂಬುದು ಹೊಲಿಗೆ ಕ್ಲಾಸಿನ ಮೊದಲ ದಿನದ ಪಾಠ. ಇಲ್ಲಿ ಯಾರೋ ಪುಣ್ಯಾತ್ಮ ಸೂಜಿಯನ್ನು ತಿರುವಿ ಹಾಕಿದ್ದ. ಮಷಿನ್ನಿಗೆ ಬೇರೆ ಯಾವ ರೋಗವೂ ಇರಲಿಲ್ಲ.

ನಾನು ಹೇಳಬೇಕಿತ್ತೇ? ಎಷ್ಟೋ ಸಲ ಯೋಚಿಸಿದ್ದೇನೆ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನಾನು ಅಂದು ಮುಚ್ಚಿದೆ. ಅವ್ವ ನನ್ನ ಮುಖ ನೋಡಿದಳು, ನಾನು ಸುಮ್ಮನಿರುವುದನ್ನು ನೋಡಿದಳು, ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು. ಸೆರಗಿನ ಗಂಟು ಬಿಚ್ಚಿದಳು. ಆತ ನೋಟುಗಳನ್ನು ಕಣ್ಣಿಗೆ ಒತ್ತಿಕೊಂಡ, ರಸೀದಿ ಬರೆದುಕೊಟ್ಟ, ನಿಟ್ಟುಸಿರು ಬಿಟ್ಟು ಸುಬೇದಾರರ ಗಡಿಯಾರಕ್ಕೆ ಕೈ ಹಾಕಿದ.

ನಾನು ತಿರುಪು ಸಡಿಲಿಸಿ ಸೂಜಿ ತಿರುಗಿಸಿದೆ. ಕೂತ ಖುರ್ಚಿಯ ದಿಂಬನ್ನು ಎಳೆದುಕೊಂಡು, ಹತ್ತಿಯನ್ನು ಒಳಗೆ ತುರುಕಿ, ಬಿಚ್ಚಿದ ಬದಿಯನ್ನು ಸೂಜಿಯ ಕೆಳಗಿಟ್ಟು ಕಾಲು ಒತ್ತಿದೆ. ಟಕಟಕಟಕ ಎಂಬ ಆ ಸದ್ದು ಇಡೀ ಅಂಗಡಿ ತುಂಬಿತು. ಸಾಲು ಹಿಡಿದ ಇರುವೆಯ ಹಾಗೆ ಹೊಲಿಗೆ ಬಿದ್ದಿತು. ದಾರ ಕಡಿದು ದಿಂಬನ್ನು ಅವನ ಕೈಗೆ ಕೊಟ್ಟೆ.

ಆತ ಹೊಲಿಗೆಯ ಮೇಲೆ ಬೆರಳು ಆಡಿಸಿದ. ಎಳೆದು ನೋಡಿದ. ಬಿಚ್ಚಲಿಲ್ಲ. "ತಡೀರಿ ತಡೀರಿ. ಇದು ಓಡತದಂದ್ರ ಆ ರೇಟು ಬ್ಯಾರೆ ಆಗತದ್ರಿ. ನಿಮ್ಮ ರೊಕ್ಕ ವಾಪಸ್ ತೊಗೊರಿ, ಮಾತು ಮತ್ತ ಆಡೂಣು."

ಅವ್ವ ಮೆಲ್ಲಗೆ ಅಳತೆಗೋಲನ್ನು ಮೇಜಿನಿಂದ ಎತ್ತಿಕೊಂಡು ಅವನ ತಲೆಯ ಮೇಲಿನ ಹಲಗೆ ತೋರಿಸಿದಳು. "ಮಾರಿದ ಮಾಲು ವಾಪಸ್ ತೊಗೊಳ್ಳಂಗಿಲ್ಲಂತ ನೀವ ಬರದೀರಲ್ಲರಿ ಅಣ್ಣಾರ."

ಸುಬೇದಾರರು ನಕ್ಕ ನಗುವಿಗೆ ಅವರ ಬಸ್ಸು ತಪ್ಪಿರಬೇಕು. ಮಾಲಕ ದಿಂಬು ಹಿಡಿದುಕೊಂಡು ನಿಂತೇ ಇದ್ದ. "ಏನ ಮಾಡಿದಿ ತಂಗಿ ಅದಕ್ಕ?" ಎಂದು ಕೇಳಿದ. ಮೊದಲ ಸಲ ನನ್ನನ್ನು ನೋಡಿ ಮಾತಾಡಿದ.

"ಮೊದಲನೇ ದಿನ ಮುಟ್ಟಾಕ ಕೊಟ್ಟಿದ್ರ ಅವತ್ತ ಹೇಳತಿದ್ದೆನ್ರಿ" ಅಂದೆ.

ಮಷಿನ್ ರೈಲಿನ ಸಾಮಾನಿನ ಡಬ್ಬಿಯಲ್ಲಿ ಖಾನಾಪುರಕ್ಕೆ ಬಂತು. ಸ್ಟೇಷನ್ನಿನಿಂದ ಮನೆಯವರೆಗೆ ಕೈಗಾಡಿಯಲ್ಲಿ ತಂದೆವು. ಮೇನ್ ರೋಡಿನಲ್ಲಿ ಅವ್ವ ಗಾಡಿಯನ್ನು ಬೇಕೆಂದೇ ನಿಧಾನ ಮಾಡಿಸಿದಳು, 'ಮಷಿನ್ ಎಲ್ಲೈತಿ' ಎಂದು ಕೇಳಿದವರೆಲ್ಲ ನೋಡಲಿ ಎಂದು. ಆ ಜೂನ್‌ನಲ್ಲಿ ನಮ್ಮೂರಿನ ಹುಡುಗಿಯರು ನಾನು ಹೊಲಿದ ಅಂಗಿ, ನೀಲಿ ಲಂಗ ಹಾಕಿಕೊಂಡು ಮಳೆಯಲ್ಲಿ ಶಾಲೆಗೆ ಹೋದರು. ಗುಂಡಿಗಳನ್ನೂ ನಾನೇ ಹಚ್ಚಿದ್ದೆ. ಉಳಿದ ದುಡ್ಡಿಗೆ ಅವ್ವ ಒಂದು ಎಮ್ಮೆಗರು ತಂದು ಖಾಲಿ ದಾವಣಿಗೆ ಕಟ್ಟಿದಳು.

ಒಂಬತ್ತು ವರ್ಷದ ಮೇಲೆ, ನನ್ನದೇ ಅಂಗಡಿಯಲ್ಲಿ ಮೂರು ಮಷಿನ್ ಓಡುತ್ತಿದ್ದ ಕಾಲ. ಒಂದು ಮುಂಜಾನೆ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದೆ. ಹೊರಗೆ ಟೆಂಪೋ ನಿಂತಿತು. ಅದರಿಂದ ಇಳಿದವನ ಕೂದಲು ಬೆಳ್ಳಗಾಗಿತ್ತು, ನಡಿಗೆ ಬಾಗಿತ್ತು. ಆದರೂ ಕೂಡಲೇ ಗುರುತಿಸಿದೆ, ಟೆಂಪೋದಲ್ಲಿದ್ದ ಸಾಮಾನಿನ ಮೇಲೆ ಅದೇ ಗುಲಾಬಿ ಹೂವಿನ ಚಾದರವಿತ್ತು. ಆತ ನನ್ನನ್ನು ಹುಡುಕಿಕೊಂಡೇ ಬಂದಿದ್ದ. ದಾರಿಯಲ್ಲಿ ನಾಲ್ಕು ಜನರನ್ನು ಕೇಳಿ ಬಂದೆ ಅಂದ.

ಒಂಬತ್ತು ವರ್ಷದಿಂದ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ಬಾಯಿಗೆ ಬಂದವು. ಗಂಡಸರನ್ನು ಕಳಿಸಿ ಅನ್ನಬೇಕೆಂದುಕೊಂಡೆ. ಊಟಕ್ಕೆ ಹೋಗುತ್ತೇನೆ, ನಾಲ್ಕು ಗಂಟೆಗೆ ಬನ್ನಿ ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಆತ ಸಾಮಾನು ಒಳಗೆ ಇಳಿಸಿ ಚಾದರ ತೆಗೆದ, ಇನ್ನೊಂದು ಹಳೆಯ ಮಷಿನ್; ತನ್ನ ಎರಡೂ ಕೈ ಹಿಂದೆ ಕಟ್ಟಿಕೊಂಡು ಅದರಿಂದ ಒಂದು ಹೆಜ್ಜೆ ದೂರ ನಿಂತ.

"ಓಡವಲ್ದು ಇದು. ನೀವ ಒಂದೀಟು ಮುಟ್ಟಿ ನೋಡ್ರಿ ಬಾಯಾರ."

ನಾನು ನನ್ನ ಖುರ್ಚಿಯನ್ನು ಎತ್ತಿ ತಂದು ಅವನ ಮುಂದೆ ಇಟ್ಟೆ. "ಕುಂದರ್ರಿ" ಅಂದೆ. "ಬೋಣಿಗಿ ನಿಮ್ದ."